ಹುಳದ ಮನೆಗೂ ಡೇಟಾ ಸೆಂಟರಿಗೂ ಒಂದೇ ಪ್ರಶ್ನೆ: ನೀರು ಎಲ್ಲಿಂದ?

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಊರಿಗೆ ಬಂದಿದ್ದ. ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಎ.ಸಿ. ಯಂತ್ರ ನೋಡಿಕೊಳ್ಳುವ ಕೆಲಸ ಅವನದು. ಆಗ ನಮ್ಮ ಮನೆಯಲ್ಲಿ ನೂರು ಮೊಟ್ಟೆ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹೊರಗೆ ಬಿಸಿಲು 39 ಡಿಗ್ರಿ. ಹುಳದ ಮನೆ ಕಿಟಕಿಗೆ ಗೋಣಿಚೀಲ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನೋಡಿ ಅವನು ನಕ್ಕುಬಿಟ್ಟ.

"ಮಾವ, ನೀವು ಹುಳಕ್ಕೆ ಮಾಡೋದನ್ನೇ ನಾವು ಕಂಪ್ಯೂಟರಿಗೆ ಮಾಡ್ತೀವಿ. ನಿಮಗೆ ಎಷ್ಟು ಡಿಗ್ರಿ ಬೇಕು?"

"ಇಪ್ಪತ್ತೈದರ ಮೇಲೆ ಹೋಗಬಾರದಪ್ಪ. ಇಪ್ಪತ್ತೆಂಟಾದ್ರೆ ಎದೆ ಹೊಡಕೊಳ್ಳುತ್ತೆ" ಅಂದೆ.

"ನಮಗೂ ಹದಿನೆಂಟರಿಂದ ಇಪ್ಪತ್ತೇಳರೊಳಗೆ ಇರಬೇಕು. ನಿಮ್ಮದು ಎರಡು ಕೊಡ ನೀರಲ್ಲಿ ಆಗುತ್ತೆ. ನಮ್ಮದಕ್ಕೆ ಟ್ಯಾಂಕರ್ ಬೇಕು."

ಅವನ ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಏನಿದು ಡೇಟಾ ಸೆಂಟರ್?

ನಾವು ಮೊಬೈಲಿನಲ್ಲಿ ದುಡ್ಡು ಕಳಿಸುತ್ತೇವೆ. ಪಹಣಿ ನೋಡುತ್ತೇವೆ. ಮಗಳ ಮದುವೆ ಫೋಟೋ ನೆಂಟರಿಗೆ ಹಾಕುತ್ತೇವೆ. ಇದೆಲ್ಲ ಗಾಳಿಯಲ್ಲಿ ಇರುವುದಿಲ್ಲ. ಎಲ್ಲೋ ಒಂದು ಕಟ್ಟಡದಲ್ಲಿ, ಬೀರುವಿನಂಥ ಕಬ್ಬಿಣದ ಚೌಕಟ್ಟುಗಳಲ್ಲಿ ಜೋಡಿಸಿಟ್ಟ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಆ ಕಟ್ಟಡವೇ ಡೇಟಾ ಸೆಂಟರ್. ವಿಷಯದ ಕಣಜ ಅನ್ನಿ.

ಕಾಳಿನ ಕಣಜ ತುಂಬಿಸಿ ಬಾಯಿ ಮುಚ್ಚಿದರೆ ಮುಗಿಯಿತು. ಈ ಕಣಜ ಹಗಲೂ ರಾತ್ರಿ ಕರೆಂಟು ತಿನ್ನುತ್ತದೆ, ತಿಂದಷ್ಟನ್ನೂ ಶಾಖವಾಗಿ ಹೊರಗೆ ಬಿಡುತ್ತದೆ. ನೂರು ಯೂನಿಟ್ ಕರೆಂಟು ಒಳಗೆ ಹೋದರೆ ನೂರು ಯೂನಿಟ್ಟಿನ ಶಾಖ ಹೊರಗೆ ಬರಲೇಬೇಕು. ಬರದಿದ್ದರೆ ಕೆಲವೇ ನಿಮಿಷಗಳಲ್ಲಿ ಯಂತ್ರ ಸುಟ್ಟುಕೊಳ್ಳದಂತೆ ತಾನೇ ನಿಂತುಬಿಡುತ್ತದೆ.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಒಂದು ಹಳೇ ಡೇಟಾ ಸೆಂಟರ್ ಇದೆ ಎಂದು ನಾನು ಅಳಿಯನಿಗೆ ತಮಾಷೆ ಮಾಡಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ್ದು ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅಲ್ಲೇ ಇದೆ. ಕರೆಂಟೂ ಬೇಡ, ನೀರೂ ಬೇಡ. ಹೊಸದಕ್ಕೆ ಎರಡೂ ಬೇಕು. ಎಷ್ಟು ಬೇಕು ಅನ್ನುವುದೇ ಮುಖ್ಯ.

ನಮಗ್ಯಾಕೆ ಈ ಮಾತು?

ಚಳ್ಳಕೆರೆಯಲ್ಲಿ ಕೂತು ಡೇಟಾ ಸೆಂಟರ್ ಕಟ್ಟುವ ಬಗೆ ಬರೆಯುತ್ತಾನಲ್ಲ, ಇವನಿಗೇನು ಬಂತು ಅನ್ನಬೇಡಿ. ಇಂಥ ಕಟ್ಟಡಕ್ಕೆ ಬೇಕಾದದ್ದು ಅಗ್ಗದ ಬಯಲು ಜಾಗ, ಬಿಸಿಲು, ಗಾಳಿ, ದೊಡ್ಡ ವಿದ್ಯುತ್ ಲೈನು, ಬೆಂಗಳೂರಿಗೆ ಹೆದ್ದಾರಿ. ಇದೆಲ್ಲ ನಮ್ಮಲ್ಲಿದೆ. ರಾಜ್ಯ ಸರ್ಕಾರ 2022ರಲ್ಲಿ ಡೇಟಾ ಸೆಂಟರ್ ನೀತಿಯನ್ನೇ ತಂದು, ಕಟ್ಟುವವರಿಗೆ ಹಲವು ರಿಯಾಯಿತಿ ಘೋಷಿಸಿದೆ. ಇಲ್ಲದ್ದು ಒಂದೇ, ನೀರು.

ಕೇಳುವುದಿದ್ದರೆ ಮೊದಲೇ ಕೇಳಬೇಕು. ಇದನ್ನು ನಮಗೆ ಕಾವಲು ಕಲಿಸಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಮೈಸೂರು ಅರಸರ ಕಾಲದಿಂದ ದನ, ಕುರಿ ಮೇಯ್ದ ಹುಲ್ಲುಗಾವಲು. ಕಂಬಳಿ ನೇಯುವವರ ಕುರಿಗೂ ಅದೇ ಆಧಾರ. 2009ರ ಸುಮಾರಿಗೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಇದು ಸರಿಯಾಗಿ ಗೊತ್ತಾದದ್ದು ಗೋಡೆ ಏಳುವಾಗ. ಆಮೇಲೆ ಹೋರಾಟವಾಯಿತು, ಹಸಿರು ನ್ಯಾಯಮಂಡಳಿಗೆ ದೂರು ಹೋಯಿತು, 2014ರಲ್ಲಿ ತೀರ್ಪೂ ಬಂತು. ಯೋಜನೆಗಳು ಮುಂದುವರಿದವು. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು.

ವಿಜ್ಞಾನ ಬೇಡ ಎಂದು ನಾನು ಹೇಳುತ್ತಿಲ್ಲ. ಗೋಡೆ ಎದ್ದ ಮೇಲೆ ಕೇಳಿದ ಪ್ರಶ್ನೆಗೂ ನಕ್ಷೆ ಬರೆಯುವಾಗ ಕೇಳಿದ ಪ್ರಶ್ನೆಗೂ ಬೆಲೆ ಬೇರೆ ಬೇರೆ.

ನೀರಿನ ಲೆಕ್ಕ

ಒದ್ದೆ ಗೋಣಿ ಯಾಕೆ ತಂಪು ಕೊಡುತ್ತದೆ? ನೀರು ಆವಿಯಾಗುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಡೇಟಾ ಸೆಂಟರಿನ ಕೂಲಿಂಗ್ ಟವರ್ ಕೂಡ ಇದೇ ಒದ್ದೆ ಗೋಣಿ, ಗಾತ್ರ ದೊಡ್ಡದು ಅಷ್ಟೆ. ಒಂದು ಯೂನಿಟ್ ಕರೆಂಟಿನ ಶಾಖ ಹೊರಹಾಕಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಇದು ಯಾವ ಕಂಪನಿಯ ಲೆಕ್ಕವೂ ಅಲ್ಲ, ನೀರಿನ ಗುಣ.

ಈಗ ನೀವೇ ಪೆನ್ಸಿಲ್ ಹಿಡಿದು ಗುಣಿಸಿ. ಒಂದು ಮೆಗಾವಾಟ್ ಅಂದರೆ ಗಂಟೆಗೆ ಸಾವಿರ ಯೂನಿಟ್. ಅದಕ್ಕೆ ಗಂಟೆಗೆ 1,500 ಲೀಟರ್, ದಿನಕ್ಕೆ 36,000 ಲೀಟರ್ ನೀರು. 20 ಮೆಗಾವಾಟಿನ ಕೇಂದ್ರ ಈಗಿನ ಕಾಲಕ್ಕೆ ಬಹಳ ದೊಡ್ಡದೇನೂ ಅಲ್ಲ. ಎಲ್ಲ ಶಾಖವನ್ನೂ ಹೀಗೆ ಆವಿಯಿಂದಲೇ ಕಳೆದರೆ ಅದಕ್ಕೆ ದಿನಕ್ಕೆ 7 ಲಕ್ಷದ 20 ಸಾವಿರ ಲೀಟರ್. ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನುವುದು ಜಲಜೀವನ್ ಯೋಜನೆಯ ಲೆಕ್ಕ. ಅದರಂತೆ ಇದು 13,000 ಜನರ ನೀರು.

ರೈತರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಎಕರೆಗೆ ಒಂದಿಂಚು ನೀರು ನಿಲ್ಲಿಸಲು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಶೇಂಗಾ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಎರಡಿಂಚು ನೀರು ಬೆಳೆ ಉಳಿಸುತ್ತದೆ ಅನ್ನುವುದು ಚಳ್ಳಕೆರೆಯ ಯಾವ ರೈತನಿಗೆ ಗೊತ್ತಿಲ್ಲ? ಆ ಕೇಂದ್ರ ಒಂದು ವರ್ಷಕ್ಕೆ ಕುಡಿಯುವ ನೀರಿನಲ್ಲಿ 1,200 ಎಕರೆಗೂ ಮೇಲೆ ಶೇಂಗಾಕ್ಕೆ ಹಾಗೆ ಒಂದು ಸಲ ನೀರು ಕೊಡಬಹುದು.

"ನಾವು ಚಾವಣಿಯ ಮಳೆನೀರು ಹಿಡಿಯುತ್ತೇವೆ, ಹಸಿರು ಕಟ್ಟಡ ನಮ್ಮದು" ಎಂದು ಬಣ್ಣದ ಪುಸ್ತಕದಲ್ಲಿ ಬರೆದಿರುತ್ತಾರೆ. ಅದನ್ನೂ ನೋಡೋಣ. ನಮ್ಮಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆ ಬಿತ್ತು ಅಂತ ಧಾರಾಳವಾಗಿಯೇ ಹಿಡಿಯೋಣ. ಒಂದು ಎಕರೆ ಚಾವಣಿಗೆ 20 ಲಕ್ಷ ಲೀಟರ್, ಎರಡು ಎಕರೆಗೆ 40 ಲಕ್ಷ. ಒಂದು ಹನಿ ಬಿಡದೆ ಹಿಡಿದರೂ ಆ ನೀರು ಆರು ದಿನಕ್ಕೆ ಸಾಲದು. ವರ್ಷದಲ್ಲಿ ಉಳಿದ 359 ದಿನಕ್ಕೆ ನೀರು ಎಲ್ಲಿಂದ?

ವೇದಾವತಿಯಿಂದಲೇ? ವಾಣಿ ವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದೆವು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂ. ಘೋಷಣೆಯಾಯಿತು, ನಮ್ಮೂರ ಕೆರೆ ಇನ್ನೂ ಕಾಯುತ್ತಿದೆ. ಉಳಿದದ್ದು ಬೋರು. ಬೋರು ಕೊರೆಸಿ ಧೂಳು ಕಂಡವರಿಗೆ ಅದರ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡ ಹತ್ತು ಎಕರೆ, ನೆರಳು ಒಂಬೈನೂರು ಎಕರೆ

ಎರಡನೇ ಲೆಕ್ಕ ಕರೆಂಟಿನದು. ಕಂಪ್ಯೂಟರಿಗೆ ಒಂದು ಯೂನಿಟ್ ಬೇಕಾದರೆ ತಂಪು ಮಾಡುವುದಕ್ಕೆ, ಬೆಳಕಿಗೆ, ಬ್ಯಾಟರಿಗೆ ಬೇರೆ ಕರೆಂಟು ಬೇಕು. ಒಟ್ಟು ಕರೆಂಟನ್ನು ಕಂಪ್ಯೂಟರಿಗೆ ಹೋದ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿಗೆ ಪಿ.ಯು.ಇ. ಅನ್ನುತ್ತಾರೆ. ಜಗತ್ತಿನ ಸರಾಸರಿ 1.5ರ ಆಸುಪಾಸು. ತುಂಬಾ ಚೆನ್ನಾಗಿ ಕಟ್ಟಿದವು 1.1ಕ್ಕೆ ಇಳಿದಿವೆ. ಯಾರಾದರೂ ಬಂದು ನಮ್ಮದು ಒಳ್ಳೇ ಕಟ್ಟಡ ಅಂದರೆ ಮೊದಲು ಈ ಅಂಕಿ ಕೇಳಿ.

ನಾವು 1.4 ಅಂತ ಹಿಡಿಯೋಣ. 20 ಮೆಗಾವಾಟಿಗೆ ದಿನಕ್ಕೆ 6 ಲಕ್ಷದ 72 ಸಾವಿರ ಯೂನಿಟ್. ಒಂದು ಮೆಗಾವಾಟ್ ಸೋಲಾರ್ ಹಲಗೆ ನಮ್ಮ ಬಿಸಿಲಲ್ಲಿ ದಿನಕ್ಕೆ ಸುಮಾರು 4,500 ಯೂನಿಟ್ ಕೊಡುತ್ತದೆ. ಅಂದರೆ ಸುಮಾರು 150 ಮೆಗಾವಾಟ್ ಸೋಲಾರ್ ಬೇಕು. ನಮ್ಮ ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿಗೆ 13,000 ಎಕರೆ ಹಿಡಿದಿದೆ. ಅದೇ ಪ್ರಮಾಣದಲ್ಲಿ 150 ಮೆಗಾವಾಟಿಗೆ 900 ಎಕರೆಗೂ ಜಾಸ್ತಿ. ಚಾವಣಿ ಮೇಲೆ ನಾಲ್ಕು ಹಲಗೆ ಹಾಕಿ ಇದು ಸೂರ್ಯನ ಶಕ್ತಿಯಿಂದ ನಡೆಯುತ್ತದೆ ಅಂದರೆ ನಂಬಬೇಡಿ. ಒಂದು ಎಕರೆ ಚಾವಣಿ ಪೂರ್ತಿ ಹಲಗೆ ಹಾಸಿದರೂ ಒಂದು ಮೆಗಾವಾಟ್ ಮುಟ್ಟುವುದು ಕಷ್ಟ. ರಾತ್ರಿ ಪಾಳಿಗೆ ಬ್ಯಾಟರಿ ಇಲ್ಲವೇ ಲೈನಿನ ಕರೆಂಟು ಬೇಕೇ ಬೇಕು. ನಮ್ಮ ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಎಷ್ಟು ಹೊತ್ತು ಎಂದು ಎಲ್ಲರಿಗೂ ಗೊತ್ತು. ಅದೇ ಸಬ್‌ಸ್ಟೇಷನ್ನಿನಿಂದ ಇವರಿಗೆ 24 ತಾಸು ಹೋಗುತ್ತದೋ, ಬೇರೆ ಲೈನು ಎಳೆಯುತ್ತಾರೋ ಎಂದು ಕೇಳುವ ಹಕ್ಕು ನಮಗಿದೆ.

ಪಾವಗಡದಲ್ಲಿ ಒಂದು ಒಳ್ಳೆಯದೂ ಆಯಿತು. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಹಕ್ಕು ರೈತನ ಹೆಸರಲ್ಲೇ ಉಳಿಯಿತು. ಆದರೆ ಜಮೀನಿಲ್ಲದ ಕೂಲಿಯವನಿಗೆ, ಕುರಿ ಕಾಯುವವನಿಗೆ ಗುತ್ತಿಗೆ ದುಡ್ಡು ಬರಲಿಲ್ಲ, ಕೆಲಸವೂ ಹೋಯಿತು. ಡೇಟಾ ಸೆಂಟರಿನದೂ ಇದೇ ಹಣೆಬರಹ. ಕಟ್ಟುವಾಗ ನೂರಾರು ಜನ, ಕಟ್ಟಿದ ಮೇಲೆ ಕಾವಲಿನವರು, ತೋಟದವರು, ನನ್ನ ಅಳಿಯನಂಥ ಕೆಲವರು.

ನಮ್ಮ ಮಾಳಿಗೆ ಮನೆ ಏನು ಹೇಳುತ್ತದೆ?

ನನ್ನ ಅಜ್ಜನ ಮಾಳಿಗೆ ಮನೆಗೆ ಎರಡಡಿ ದಪ್ಪ ಗೋಡೆ, ಮೇಲೆ ಕರ್ಲು ಮಣ್ಣು. ಮಧ್ಯಾಹ್ನದ ಬಿಸಿಲು ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಹಾಗಾದರೆ ಡೇಟಾ ಸೆಂಟರನ್ನೂ ಮಣ್ಣಿನಲ್ಲಿ ಕಟ್ಟಿದರೆ ಸಾಕಲ್ಲ ಎಂದು ನಾನೂ ಕೇಳಿದೆ. ಅಳಿಯ ಸರಿಯಾಗಿಯೇ ಹೇಳಿದ: "ಮಾವ, ನಿಮ್ಮ ಮನೆಗೆ ಬಿಸಿ ಹೊರಗಿನಿಂದ ಬರುತ್ತೆ. ನಮ್ಮ ಕಟ್ಟಡಕ್ಕೆ ಒಳಗೇ ಹುಟ್ಟುತ್ತೆ. ಮನೆ ತುಂಬಾ ಒಲೆ ಉರಿಯುವಾಗ ಗೋಡೆ ದಪ್ಪ ಇದ್ರೆ ಏನು ಬಂತು?"

ನಿಜ. ಆದರೂ ಹೊರಗಿನ ಬಿಸಿ ಒಳಗಿನದಕ್ಕೆ ಸೇರದಂತೆ ತಡೆಯುವುದು ಅರ್ಧ ಬುದ್ಧಿವಂತಿಕೆ. ಪೇಟೆಯಲ್ಲಿ ಕಾಣುವ ಗಾಜಿನ ಗೋಡೆ ನಮ್ಮ ಬಿಸಿಲಿಗೆ ಹೇಳಿಸಿದ್ದಲ್ಲ. ಪೂರ್ವ ಪಶ್ಚಿಮಕ್ಕೆ ಗಿಡ್ಡ ಗೋಡೆ, ಉತ್ತರ ದಕ್ಷಿಣಕ್ಕೆ ಉದ್ದ ಗೋಡೆ, ಬಿಳಿ ಚಾವಣಿ, ಅದರ ಮೇಲೆ ನೆರಳಿಗೆ ಸೋಲಾರ್ ಹಲಗೆ, ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ. ಇದು ಹೊಸ ವಿದ್ಯೆಯೇನಲ್ಲ. ನಮ್ಮ ಕುದಾಪುರದಲ್ಲಿ ಜಾಗ ಪಡೆದ ಭಾರತೀಯ ವಿಜ್ಞಾನ ಸಂಸ್ಥೆಯೇ 1974ರಲ್ಲಿ 'ಅಸ್ತ್ರ' ಎಂಬ ಹಳ್ಳಿ ತಂತ್ರಜ್ಞಾನ ಘಟಕ ಶುರುಮಾಡಿ, ಮಣ್ಣಿನ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಒಳಗಿನ ಬಿಸಿಗೆ ಮೂರು ಉಪಾಯಗಳಿವೆ.

ಒಂದನೆಯದು, ತಣ್ಣನೆ ಓಣಿ, ಬಿಸಿ ಓಣಿ ಬೇರೆ ಮಾಡುವುದು. ಕಂಪ್ಯೂಟರುಗಳ ಮುಖ ಮುಖ ಎದುರು, ಬೆನ್ನು ಬೆನ್ನು ಎದುರು ಸಾಲಾಗಿ ಇಡುತ್ತಾರೆ. ಮುಖದ ಓಣಿಗೆ ತಣ್ಣನೆ ಗಾಳಿ, ಬೆನ್ನಿನ ಓಣಿಯಿಂದ ಬಿಸಿಗಾಳಿ ಹೊರಗೆ. ಎರಡೂ ಬೆರೆಯದಂತೆ ನಡುವೆ ತೆರೆ ಹಾಕಿದರೆ ಕರೆಂಟು ಎಷ್ಟೋ ಉಳಿಯುತ್ತದೆ.

ಎರಡನೆಯದು, ಹೊರಗಿನ ಗಾಳಿ. ಕಾರ್ತಿಕದಿಂದ ಮಾಘದವರೆಗೆ ನಮ್ಮ ರಾತ್ರಿಗಳು ತಂಪು. ಆಗ ಎ.ಸಿ. ನಿಲ್ಲಿಸಿ ಹೊರಗಿನ ಗಾಳಿಯನ್ನೇ ಸೋಸಿ ಬಿಡಬಹುದು. ಆಷಾಢದ ಮಣ್ಣುಗಾಳಿಗೆ ಮಾತ್ರ ಒಳ್ಳೆ ಸೋಸುವ ಪರದೆ ಬೇಕು.

ಮೂರನೆಯದೇ ನಮಗೆ ಮುಖ್ಯ. ಟ್ರ್ಯಾಕ್ಟರಿನ ರೇಡಿಯೇಟರ್ ನೋಡಿದ್ದೀರಿ. ಅದಕ್ಕೆ ಒಮ್ಮೆ ನೀರು ತುಂಬಿದರೆ ಅದೇ ನೀರು ಸುತ್ತುತ್ತಿರುತ್ತದೆ, ಫ್ಯಾನ್ ಗಾಳಿ ಬಿಸಿ ಕಳೆಯುತ್ತದೆ. ದಿನಾ ನೀರು ಕುಡಿಯುವುದಿಲ್ಲ. ಈಗ ದೊಡ್ಡ ಕಂಪ್ಯೂಟರುಗಳ ಚಿಪ್ಪಿಗೇ ಕೊಳವೆ ಮುಟ್ಟಿಸಿ, ಹೀಗೆ ಸುತ್ತುವ ನೀರಿನಿಂದ ಬಿಸಿ ಎಳೆಯುತ್ತಾರೆ. ಆ ನೀರು 40 ಡಿಗ್ರಿ ಹತ್ತಿರ ಇದ್ದರೂ ನಡೆಯುವಂಥ ವ್ಯವಸ್ಥೆ ಬಂದಿದೆ. ಹಾಗಿದ್ದಾಗ ವರ್ಷದ ಬಹುಪಾಲು ದಿನ ಬರೀ ಗಾಳಿಗೇ ಬಿಸಿ ಕಳೆಯಬಹುದು. ಕಟ್ಟುವ ಖರ್ಚು ಜಾಸ್ತಿ, ಬಿರುಬೇಸಿಗೆಯಲ್ಲಿ ಕರೆಂಟೂ ಸ್ವಲ್ಪ ಜಾಸ್ತಿ. ಆದರೆ ನೀರು ಉಳಿಯುತ್ತದೆ. ನೀರಿಲ್ಲದ ಊರಲ್ಲಿ ಗೋಣಿ ಬೇಡ, ರೇಡಿಯೇಟರ್ ಇರಲಿ. ನನ್ನ ಅಭಿಪ್ರಾಯ ಇಷ್ಟೇ.

ಬೇರೆ ಊರವರು ಕಲಿತದ್ದು

ಅಮೆರಿಕದ ಆರೆಗನ್ ರಾಜ್ಯದಲ್ಲಿ ದ ಡಾಲ್ಸ್ ಎಂಬ ಸಣ್ಣ ಊರಿದೆ. ಅಲ್ಲಿ ಗೂಗಲ್ ಡೇಟಾ ಸೆಂಟರ್ ಎಷ್ಟು ನೀರು ಬಳಸುತ್ತದೆ ಎಂದು ಒಂದು ಪತ್ರಿಕೆ ಕೇಳಿತು. ಅದು ವ್ಯಾಪಾರದ ಗುಟ್ಟು, ಹೇಳಲಾಗದು ಎಂದು ನಗರಸಭೆ ಕೋರ್ಟಿಗೇ ಹೋಯಿತು. ಕೊನೆಗೆ 2022ರ ಡಿಸೆಂಬರಿನಲ್ಲಿ ಅಂಕಿ ಹೊರಬಂದಾಗ ಊರಿನ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಅದಕ್ಕೇ ಹೋಗುತ್ತಿತ್ತು.

ಚಿಲಿ ದೇಶದ ಸೆರಿಯೋಸಿನಲ್ಲಿ ಜನ ಮೊದಲೇ ಎದ್ದು ನಿಂತರು. ವರ್ಷಗಟ್ಟಲೆ ಬರ ಕಂಡ ಪ್ರದೇಶ ಅದು. 2024ರಲ್ಲಿ ಪರಿಸರ ನ್ಯಾಯಾಲಯ ಅಲ್ಲಿನ ಯೋಜನೆಯ ಅನುಮತಿಯನ್ನು ಭಾಗಶಃ ರದ್ದು ಮಾಡಿತು. ಆಮೇಲೆ ಅದೇ ಕಂಪನಿ ನೀರಿನ ಬದಲು ಗಾಳಿಯಿಂದ ತಂಪು ಮಾಡುವ ವಿಧಾನಕ್ಕೆ ಬದಲಾಯಿಸುತ್ತೇನೆ ಅಂದಿತು. ಅಂದರೆ ಇನ್ನೊಂದು ದಾರಿ ಮೊದಲೂ ಇತ್ತು. ಕೇಳುವವರು ಬೇಕಾಗಿತ್ತು.

ಹೊರಬಿಟ್ಟ ಬಿಸಿಯೂ ಕಸವಲ್ಲ. ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಡೇಟಾ ಸೆಂಟರಿನ ಶಾಖದಿಂದ ಮನೆಗಳನ್ನು ಬೆಚ್ಚಗಿಡುತ್ತಾರೆ. ನಮಗೆ ಮನೆ ಬಿಸಿ ಮಾಡುವ ಗ್ರಹಚಾರ ಇಲ್ಲ. ಆದರೆ ಶೇಂಗಾ ಕೀಳುವಾಗ ಮಳೆ ಹಿಡಿದುಕೊಂಡು ಕಾಯಿ ಬೂಷ್ಟು ಹಿಡಿಯುವುದು, ಈರುಳ್ಳಿ ಕೊಳೆಯುವುದು ಎಲ್ಲರೂ ಕಂಡದ್ದೇ. 35ರಿಂದ 40 ಡಿಗ್ರಿಯ ಒಣಗಾಳಿ ಸಿಕ್ಕರೆ ಕಾಯಿ ಒಣಗಿಸಲು ಅದಕ್ಕಿಂತ ಇನ್ನೇನು ಬೇಕು? ಕಟ್ಟಡದ ಬೆನ್ನಿಗೆ ಒಂದು ಒಣಗಿಸುವ ಶೆಡ್ಡು ನಕ್ಷೆಯಲ್ಲೇ ಇರಬೇಕು. ಆಮೇಲೆ ನೋಡೋಣ ಅಂದರೆ ಆಗುವುದಿಲ್ಲ.

ನಾವು ಕೇಳಬೇಕಾದ್ದು

ಇಂಥ ಕಟ್ಟಡ ಚಳ್ಳಕೆರೆಗೋ ಮೊಳಕಾಲ್ಮೂರಿಗೋ ಬರುವುದಾದರೆ, ಗ್ರಾಮಸಭೆಯಲ್ಲಿ ಈ ಐದು ಮಾತು ಬರೆಸಿಕೊಳ್ಳಿ:

1. ದಿನಕ್ಕೆ ಎಷ್ಟು ಲೀಟರ್ ನೀರು, ಎಷ್ಟು ಯೂನಿಟ್ ಕರೆಂಟು ಎಂದು ಜಾಗ ಕೊಡುವ ಮೊದಲೇ ಕನ್ನಡದಲ್ಲಿ ಹೇಳಬೇಕು. ಏಪ್ರಿಲ್ ತಿಂಗಳ ಲೆಕ್ಕ ಹೇಳಬೇಕು, ವರ್ಷದ ಸರಾಸರಿ ಬೇಡ.

2. ಬೋರು ಕೊರೆಯಬಾರದು, ಕೆರೆ ಮುಟ್ಟಬಾರದು, ಕುಡಿಯುವ ನೀರಿನ ಕೊಳವೆಗೆ ಕೈಹಾಕಬಾರದು. ನೀರು ಬೇಕೇ ಬೇಕಾದರೆ ಪಟ್ಟಣದ ಚರಂಡಿ ನೀರನ್ನು ಶುದ್ಧ ಮಾಡಿ ಬಳಸಲಿ.

3. ಗೋಮಾಳ, ಕಾವಲು ಬಿಟ್ಟು ಬೇರೆ ಜಾಗ ನೋಡಲಿ. ಖಾಸಗಿ ಜಮೀನು ಗುತ್ತಿಗೆಗೆ ಇರಲಿ, ಕ್ರಯಕ್ಕೆ ಬೇಡ. ಸೋಲಾರ್ ಹಲಗೆ ಎತ್ತರಕ್ಕೆ ಕಟ್ಟಿ ಅಡಿಯಲ್ಲಿ ಕುರಿ ಮೇಯಲು ಬಿಡಲಿ. ಕುರಿ ದಾರಿಗೆ ಗೋಡೆ ಅಡ್ಡ ಬರಬಾರದು.

4. ನೀರಿನ ಮೀಟರ್, ಕರೆಂಟ್ ಮೀಟರ್ ಓದಿದ್ದನ್ನು ತಿಂಗಳಿಗೊಮ್ಮೆ ಪಂಚಾಯಿತಿ ಫಲಕಕ್ಕೆ ಅಂಟಿಸಬೇಕು. ಗುಟ್ಟು ಅನ್ನುವ ಮಾತೇ ಇಲ್ಲ.

5. ಕರೆಂಟು ಹೋದಾಗ ಓಡುವ ದೊಡ್ಡ ಡೀಸೆಲ್ ಜನರೇಟರುಗಳು ಊರಿಂದ, ಹುಳದ ಮನೆಗಳಿಂದ ದೂರ ಇರಬೇಕು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಹೊಗೆ ಕೂತರೆ ಹುಳ ಉಳಿಯುವುದಿಲ್ಲ.

ಇದನ್ನೆಲ್ಲ ಕೇಳಿದರೆ ಬರುವವರು ಓಡಿಹೋಗುತ್ತಾರೆ ಎಂದು ಹೆದರಿಸುವವರು ಇದ್ದೇ ಇರುತ್ತಾರೆ. ನೀರಿನ ಲೆಕ್ಕ ಕೊಡಲಾಗದವನು ಓಡಿಹೋದರೆ ನಮಗೇನು ನಷ್ಟ? ಲೆಕ್ಕ ಕೊಡುವವನು ಬಂದರೆ ಜಾಗ ತೋರಿಸಲು ನಾನೇ ಮುಂದೆ ಹೋಗುತ್ತೇನೆ. ನಮ್ಮ ಮಕ್ಕಳೂ ಮೊಬೈಲ್ ಹಿಡಿದವರೇ, ಅದರ ಕಣಜ ಎಲ್ಲಾದರೂ ಇರಲೇಬೇಕು.

ಆ ಬೆಳೆ ಹುಳ ಹಣ್ಣಾಗಿ ಚಂದ್ರಿಕೆಗೆ ಏರಿದ ದಿನ ಅಳಿಯ ಬೆಂಗಳೂರಿಗೆ ಹೊರಟ. ಕಿಟಕಿಯ ಗೋಣಿ ಬಿಚ್ಚುತ್ತಾ, "ನಿಮ್ಮ ಸಾಹೇಬರಿಗೆ ಒಂದು ಮಾತು ಹೇಳಪ್ಪ. ಚಳ್ಳಕೆರೆ ಕಡೆ ಬರೋದಾದ್ರೆ ನೀರು ಎಲ್ಲಿಂದ ಅಂತ ಬರಕೊಂಡು ಬರಲಿ" ಅಂದೆ. "ಹೇಳ್ತೀನಿ ಮಾವ" ಅಂದ. ನೀವೂ ನಿಮ್ಮೂರಲ್ಲಿ ಹೇಳಿ.